ಮೀನಿನ ಹೋಟೆಲಿನ ತಟ್ಟೆಯಿಂದ ಹಿಂದಕ್ಕೆ

(ಪಕ್ಷದ ಜಿಲ್ಲಾ ಅಧ್ಯಯನ ಶಿಬಿರದ ಎರಡನೆಯ ದಿನ ಮಾಡಿದ ಭಾಷಣದ ಬರಹರೂಪ)



ನಿನ್ನೆ ಇದೇ ಜಾಗದಲ್ಲಿ ಭೂಮಿಯ ಪ್ರಶ್ನೆಯನ್ನು ಕುರಿತು, ಪಂಚಾಯತಿಗಳ ಅಧಿಕಾರವನ್ನು ಕುರಿತು ದೊಡ್ಡ ದೊಡ್ಡ ಮಾತುಗಳಾದವು. ಇಂದು ನಮ್ಮ ಪಾಲಿಗೆ ಬಂದಿರುವ ವಿಷಯ ಮಂಗಳೂರಿನ ಮೀನಿನ ಹೋಟೆಲು. ಕಾರ್ಯಕ್ರಮದ ಪಟ್ಟಿಯಲ್ಲಿ ಇದನ್ನು ಓದಿ ಕೆಲವರು ನಕ್ಕರಂತೆ. ನಗಲಿ. ಭೂಮಿಯ ಮೇಲೆ ಬೆಳೆದದ್ದು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಕೇಳುವುದು ರಾಜಕೀಯವಾದರೆ, ಕಡಲಿನಲ್ಲಿ ಸಿಕ್ಕಿದ್ದು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಕೇಳುವುದೂ ರಾಜಕೀಯವೇ ಅಲ್ಲವೆ? ಕಡಲಿಗೆ ಪಟ್ಟೆಯಿಲ್ಲ, ಪಹಣಿಯಿಲ್ಲ. ಹಾಗಿದ್ದೂ ಅಲ್ಲಿ ಒಡೆಯರಿದ್ದಾರೆ, ಒಕ್ಕಲುಗಳಿದ್ದಾರೆ. ಇದನ್ನು ನಾವು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಊಟದ ತಟ್ಟೆಯ ಮುಂದೆ ಕೂತಾಗ ತಿಳಿದದ್ದು.

ಬೋಟು ಕೆಲಸಗಾರರನ್ನೂ ಹೋಟೆಲು ಕೆಲಸಗಾರರನ್ನೂ ಕಂಡು ಮಾತಾಡಿಕೊಂಡು ಬರಬೇಕೆಂದು ನಾವು ನಾಲ್ವರು ಆಗುಂಬೆ ಘಾಟಿ ಇಳಿದು ಉಡುಪಿ, ಮಲ್ಪೆಗಳ ಮೇಲೆ ಹಾದು ಮಂಗಳೂರು ಸೇರಿದೆವು. ಮೂರು ದಿನ ಅಲ್ಲಿದ್ದೆವು. ಮೊದಲ ದಿನ ಮಧ್ಯಾಹ್ನ ಮೀನಿನ ಹೋಟೆಲಿನಲ್ಲಿ ಉಂಡೆವು. ಉಳಿದ ದಿನಗಳಲ್ಲಿ ಆ ತಟ್ಟೆಯಿಂದ ಹಿಂದಕ್ಕೆ ನಡೆಯುತ್ತ ಹೋದೆವು: ಅಡಿಗೆ ಮನೆ, ಮಾರುಕಟ್ಟೆ, ದಕ್ಕೆ, ಬೋಟು. ಅದರ ವರದಿಯನ್ನು ಒಪ್ಪಿಸುವುದಷ್ಟೇ ನಮ್ಮ ಕೆಲಸ.

ಘಟ್ಟದ ಮೇಲಿನ ನಮಗೆ ಮೀನೆಂದರೆ ಏನು? ಬೆಳಿಗ್ಗೆ ಹಾರನ್ನು ಬಾರಿಸುತ್ತ ಬೈಕಿನ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಬರುವವನು ಕೊಟ್ಟದ್ದೇ ಮೀನು. ಅದು ಬಂಗುಡೆ, ಇಲ್ಲವಾದರೆ ಬೂತಾಯಿ. ಐಸಿನಲ್ಲಿ ಎಷ್ಟು ದಿನ ಮಲಗಿತ್ತೆಂದು ಕೇಳಿದರೆ ಅವನು ನಗುತ್ತಾನೆ. ಕಿವಿರನ್ನು ಎತ್ತಿ ನೋಡಿ ಕೆಂಪಗಿದೆಯೆ, ಕಣ್ಣು ತಿಳಿಯಾಗಿದೆಯೆ, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳುತ್ತದೆಯೆ ಎಂದು ಪರೀಕ್ಷಿಸುವ ವಿದ್ಯೆ ಕರಾವಳಿಯ ಹೆಂಗಸರಿಗೆ ಹುಟ್ಟಿನಿಂದ ಬಂದದ್ದು. ನಮಗೆ ಅದು ಇಲ್ಲ. ಹೀಗಾಗಿ ಮಂಗಳೂರಿನ ಹೋಟೆಲಿನ ಬಾಗಿಲಲ್ಲಿ ನಾವು ಮೊದಲ ದಿನ ಶಾಲೆಗೆ ಬಂದ ಮಕ್ಕಳ ಹಾಗೆಯೇ ನಿಂತಿದ್ದೆವು.

ಹೋಟೆಲಿನ ಹೆಸರು ಹೇಳುವುದಿಲ್ಲ. ಒಂದು ಹೋಟೆಲಿನ ಮೇಲೆ ದೂರು ಹೊರಿಸುವುದು ನಮ್ಮ ಉದ್ದೇಶವಲ್ಲ. ಅಂಥ ಹತ್ತಾರು ಹೋಟೆಲುಗಳು ಆ ಊರಿನ ಗಲ್ಲಿಗಳಲ್ಲಿವೆ. ಹಂಚಿನ ಮನೆ, ಮುಂದೊಂದು ಜಗಲಿ, ಒಳಗೆ ಒತ್ತೊತ್ತಾಗಿ ಮೇಜುಗಳು. ಹನ್ನೆರಡೂವರೆಗೆಲ್ಲ ಬಾಗಿಲಲ್ಲಿ ಜನ. ಉಣ್ಣುತ್ತಿರುವವರ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ನಿಂತಿರುತ್ತಾರೆ. ಮೊದಮೊದಲು ಸಂಕೋಚವಾಗುತ್ತದೆ; ಆಮೇಲೆ ನಾವೂ ಇನ್ನೊಬ್ಬರ ಬೆನ್ನ ಹಿಂದೆ ಹಾಗೆಯೇ ನಿಂತದ್ದಲ್ಲವೆ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಕೂತ ಕೂಡಲೆ ತಟ್ಟೆಗೆ ಕುಚ್ಚಲಕ್ಕಿ ಅನ್ನ, ಒಂದು ಪಲ್ಯ, ಉಪ್ಪಿನಕಾಯಿ, ಮೇಲೆ ಕೆಂಪಗಿನ ಮೀನಿನ ಸಾರು ಬಂತು. ಅನ್ನ ಸಾರು ಎಷ್ಟು ಸಲ ಕೇಳಿದರೂ ಬಡಿಸುತ್ತಾರೆ. ಇಷ್ಟರ ಮಟ್ಟಿಗೆ ಆ ಊಟ ಕೂಲಿಯವನ ಕೈಗೂ ಎಟುಕುವಂಥದು. ಇದನ್ನು ಮುಕ್ತವಾಗಿ ಒಪ್ಪಬೇಕು. ಬಂದರಿನ ಹಮಾಲರೂ ರಿಕ್ಷಾದವರೂ ನಮ್ಮ ಮಗ್ಗುಲಲ್ಲೇ ಕೂತು, ಸಾರಿನಲ್ಲಿ ಒಂದು ತುಂಡು ಮೀನಿಟ್ಟುಕೊಂಡು ಹೊಟ್ಟೆ ತುಂಬ ಉಂಡರು.

ಆದರೆ ಸಾರು ಬಡಿಸಿದವನ ಹಿಂದೆಯೇ ಮತ್ತೊಬ್ಬ ಬಂದ. ಅವನ ಕೈಯಲ್ಲಿ ದೊಡ್ಡ ಹರಿವಾಣ. ಅದರಲ್ಲಿ ಮಸಾಲೆ ಹಚ್ಚಿದ ಹಸಿ ಮೀನುಗಳು ಸಾಲಾಗಿ ಮಲಗಿದ್ದವು. ಉದ್ದಕ್ಕೆ ತೆಳ್ಳಗಿದ್ದದ್ದು ಕಾಣೆ. ಅಗಲವಾದ ಬಿಲ್ಲೆಗಳಾಗಿ ಕತ್ತರಿಸಿದ್ದು ಅಂಜಲ್. ಎಲೆಯ ಹಾಗೆ ಚಪ್ಪಟೆಯಾಗಿದ್ದದ್ದು ಮಾಂಜಿ. ಪೇಟೆಯವರು ಪಾಂಫ್ರೆಟ್ ಎನ್ನುವುದು ಇದನ್ನೇ. ನಾಲಿಗೆಯ ಆಕಾರದ್ದು ನಂಗ್. ಮೂಲೆಯಲ್ಲಿ ಸಿಗಡಿ, ತುಳುವಿನಲ್ಲಿ ಎಟ್ಟಿ. "ಎಂತ ಬೇಕು? ಯಾವುದನ್ನು ಕರಿಯುವುದು?" ಎಂದು ಕೇಳಿದ. ನಮ್ಮ ಜೊತೆಗಿದ್ದ ಒಬ್ಬರು ಬೆಲೆ ಎಷ್ಟು ಎಂದರು. ಗೋಡೆಯ ಮೇಲಿನ ಪಟ್ಟಿಯನ್ನು ತೋರಿಸಿದ. ಅನ್ನದ ಊಟದ ಮುಂದೆ ಬೆಲೆ ಇತ್ತು, ಬಂಗುಡೆಯ ಮುಂದೆ ಬೆಲೆ ಇತ್ತು. ಕಾಣೆ, ಅಂಜಲ್, ಮಾಂಜಿ, ಏಡಿಗಳ ಮುಂದೆ ಬೆಲೆ ಇರಲಿಲ್ಲ; ಎ.ಪಿ.ಎಸ್. ಎಂಬ ಮೂರಕ್ಷರ ಮಾತ್ರ ಇತ್ತು. ಅದು ಯಾವುದೋ ಪಕ್ಷದ ಹೆಸರೆಂದು ತಿಳಿಯಬೇಡಿ. 'ಗಾತ್ರಕ್ಕೆ ತಕ್ಕಂತೆ' ಎಂಬುದರ ಇಂಗ್ಲಿಷು ಸಂಕ್ಷೇಪ.

ಗಾತ್ರವನ್ನು ಯಾರು ಅಳೆಯುವವರು? ತಕ್ಕಡಿ ಮೇಜಿಗೆ ಬರುವುದಿಲ್ಲ. ಹರಿವಾಣ ಹಿಡಿದವನ ಕಣ್ಣೇ ತಕ್ಕಡಿ. ಈ ಜಿಲ್ಲೆಗಳವರಿಗೆ ಅಳತೆಯ ವಿಷಯ ಹೆಚ್ಚು ವಿವರಿಸಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆಯೇ. ಮೀನಿನ ಹೋಟೆಲನ್ನು ಕಾಗೋಡಿಗೆ ಹೋಲಿಸುವುದು ಅತಿಯಾಯಿತು ಎನ್ನಬಹುದು. ಒಪ್ಪುತ್ತೇವೆ. ಇಲ್ಲಿ ಮೋಸ ಹೋಗುವವನು ಕಿಸೆಯಲ್ಲಿ ದುಡ್ಡಿರುವವನು, ಬೇಡವೆಂದು ಎದ್ದುಹೋಗುವ ಸ್ವಾತಂತ್ರ್ಯವೂ ಅವನಿಗುಂಟು. ಕರಿಯುವ ಮುಂಚೆಯೇ ಬೆಲೆ ಕೇಳಿ ಒಪ್ಪಿಸಿಕೊಳ್ಳಿ ಎಂಬುದಷ್ಟೇ ನಮ್ಮ ಸಲಹೆ. ಕೇಳಿದರೆ ಹೇಳುತ್ತಾರೆ. ನಾವು ಕೇಳಿದೆವು, ಒಂದು ಕಾಣೆಗೆ ಹೇಳಿದ ಬೆಲೆಯಲ್ಲಿ ನಾಲ್ವರೂ ಇನ್ನೊಂದು ಸುತ್ತು ಊಟವನ್ನೇ ಮಾಡಬಹುದಾಗಿತ್ತು. ನಾಲ್ವರಿಗೆ ಒಂದೇ ಕಾಣೆ, ಎರಡು ಬಂಗುಡೆ ಹೇಳಿದೆವು.

ರುಚಿಯ ವಿಷಯ ಹೇಳದೆ ಮುಂದೆ ಹೋದರೆ ಅದು ಅಪ್ರಾಮಾಣಿಕವಾದೀತು. ಕಾಣೆಗೆ ರವೆ ಹೊದೆಸಿ ಕಾವಲಿಯ ಮೇಲೆ ಹುರಿದಿದ್ದರು. ಹೊರಗೆ ಗರಿಗರಿ, ಒಳಗೆ ಹತ್ತಿಯಂಥ ಬಿಳಿ ಮಾಂಸ. ನಡುವಿನ ಮುಳ್ಳನ್ನು ಹಿಡಿದೆತ್ತಿದರೆ ಅಷ್ಟಕ್ಕಷ್ಟೇ ಕೈಗೆ ಬರುತ್ತದೆ. ಮುಳ್ಳಿಗೆ ಹೆದರುವ ನಮ್ಮಂಥವರಿಗೆ ಹೇಳಿಸಿದ ಮೀನು. ಬಂಗುಡೆಯನ್ನು ಪುಳಿಮುಂಚಿ ಮಾಡಿಸಿದ್ದೆವು. ಪುಳಿಯೆಂದರೆ ಹುಳಿ, ಮುಂಚಿಯೆಂದರೆ ಮೆಣಸು. ಹೆಸರಿನಲ್ಲೇ ಅಡಿಗೆಯ ಸೂತ್ರವಿದೆ. ಆ ಕೆಂಪು ಬಣ್ಣ ಬ್ಯಾಡಗಿಯ ಮೆಣಸಿನದು. ಹಾವೇರಿ ಕಡೆಯ ರೈತನ ಒಣಮೆಣಸು ಘಟ್ಟ ಇಳಿದು ಹೋಗದೆ ಮಂಗಳೂರಿನ ಮೀನಿಗೆ ಬಣ್ಣವಿಲ್ಲ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇರುವ ನೆಂಟಸ್ತನವನ್ನು ಕುರಿತು ಸಾಹಿತ್ಯ ಸಮ್ಮೇಳನಗಳಲ್ಲಿ ಮಾಡುವ ಭಾಷಣಗಳಿಗಿಂತ ಈ ಒಂದು ಗಸಿ ಹೆಚ್ಚು ಹೇಳುತ್ತದೆ. ಗಸಿಗೆ ತೆಂಗಿನಕಾಯಿಯನ್ನು, ಹುರಿದ ಮೆಣಸು ಕೊತ್ತಂಬರಿಯನ್ನು ನುಣ್ಣಗೆ ಅರೆಯಬೇಕು. ಹಿಂದೆ ಹೆಂಗಸರು ಕಡೆಯುವ ಕಲ್ಲಿನ ಮುಂದೆ ಕೂತು ಗಂಟೆಗಟ್ಟಲೆ ತೋಳು ನೋಯಿಸಿಕೊಳ್ಳುತ್ತಿದ್ದರು. ಈಗ ಕರೆಂಟಿನ ಗ್ರೈಂಡರು ತಿರುಗುತ್ತದೆ. ಕಲ್ಲಿನ ರುಚಿ ಹೋಯಿತೆಂದು ಮರುಗುವ ಗಂಡಸರನ್ನು ನಾವು ಅಲ್ಲಿಯೂ ಕಂಡೆವು. ಅವರಲ್ಲಿ ಒಬ್ಬರಾದರೂ ಒಂದು ದಿನ ಕಲ್ಲು ತಿರುಗಿಸಿದ್ದರೆಂದು ನಮಗೆ ತೋರಲಿಲ್ಲ.

ಆ ಮೇಜಿನ ಸುತ್ತ ಕೂತವರ ವಿಷಯ. ನಮ್ಮ ಮೇಜಿನಲ್ಲಿ ನಾವು ನಾಲ್ವರು ಮೂರು ಜಾತಿಯವರು. ಎದುರಿಗೆ ಒಬ್ಬ ಬ್ಯಾರಿ ವ್ಯಾಪಾರಿ, ಅವರ ಪಕ್ಕದಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ದಂಪತಿ. ಯಾರ ಎಂಜಲು ಯಾರಿಗೆ ತಾಗಿತೆಂದು ಯಾರೂ ಕೇಳಲಿಲ್ಲ. ಇದು ಸಣ್ಣ ಸಂಗತಿಯೆಂದು ತಳ್ಳಿಹಾಕಬೇಡಿ. ಸಂವಿಧಾನವನ್ನು ಬರೆದವರು 15ನೆಯ ವಿಧಿಯಲ್ಲಿ ಜಾತಿ ಧರ್ಮಗಳ ನೆವದಿಂದ ಯಾರನ್ನೂ ಹೋಟೆಲು, ಉಪಾಹಾರ ಗೃಹಗಳಿಂದ ಹೊರಗಿಡಕೂಡದೆಂದು ಬಾಯಿಬಿಟ್ಟು ಬರೆಯಬೇಕಾಯಿತು. ಬಾವಿ, ಕೆರೆ, ರಸ್ತೆಗಳ ಜೊತೆಗೆ ಹೋಟೆಲನ್ನೂ ಹೆಸರಿಸಿದರು. ಆಮೇಲೆ 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾನೂನು ಬಂತು. ಇಷ್ಟಾದರೂ ಹಳ್ಳಿಗಾಡಿನ ಕೆಲವು ಚಹಾದಂಗಡಿಗಳಲ್ಲಿ ಬೇರೆ ಲೋಟವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಾಗಿರುವಾಗ ಹಸಿವೆಗೂ ಮೀನಿನ ಆಸೆಗೂ ಜನ ಒಂದೇ ಬೆಂಚಿನ ಮೇಲೆ ಕೂರುತ್ತಾರಾದರೆ ಅದನ್ನು ಗೌರವದಿಂದ ನೋಡಬೇಕು. ಹಾಗೆಂದು ಮಂಗಳೂರಿನಲ್ಲಿ ಜಾತಿ ಕರಗಿತೆಂದು ನಂಬುವಷ್ಟು ನಾವು ಹುಡುಗರಲ್ಲ. ಅದೇ ಬೆಂಚಿನ ಮೇಲೆ ಕೂತವರು ಬಾಡಿಗೆಗೆ ಮನೆ ಕೇಳಲು ಹೋದಾಗ ಏನಾಗುತ್ತದೆ ಎಂಬುದನ್ನು ಅವರೇ ಹೇಳುತ್ತಾರೆ. ನಾವು ಮೇಷ್ಟರಾಗಿದ್ದಾಗ ಕಂಡದ್ದೊಂದುಂಟು: ಮಧ್ಯಾಹ್ನದ ಬುತ್ತಿಯಲ್ಲಿ ಒಣಮೀನಿನ ಚಟ್ನಿ ತಂದ ಹುಡುಗಿಯ ಪಕ್ಕ ಕೂರಲು ಬೇರೆ ಮಕ್ಕಳು ಒಪ್ಪಲಿಲ್ಲ. ಮರುದಿನದಿಂದ ಆ ಹುಡುಗಿ ಬುತ್ತಿಯನ್ನೇ ತರಲಿಲ್ಲ. ಮೀನಿನ ವಾಸನೆ ಹೋಟೆಲಿನಲ್ಲಿ ಪರಿಮಳವಾಗುತ್ತದೆ, ಶಾಲೆಯಲ್ಲಿ ದುರ್ಗಂಧವಾಗುತ್ತದೆ. ಮೂಗು ಒಂದೇ.

ಈಗ ಬಡಿಸಿದವರ ಕಡೆಗೆ ಬರೋಣ. ಹರಿವಾಣ ತಂದ ಹುಡುಗ ತುಳುವನಲ್ಲ, ಕನ್ನಡದವನೂ ಅಲ್ಲ. ಅಸ್ಸಾಮಿನವನು. ಒಳಗೆ ಕಾವಲಿಯ ಮುಂದೆ ನಿಂತವನು ಒರಿಸ್ಸಾದ ಕಡೆಯವನು. ಗಲ್ಲಾದಲ್ಲಿ ತುಳು, ಮೇಜಿನಲ್ಲಿ ಕನ್ನಡ, ಅಡಿಗೆ ಮನೆಯಲ್ಲಿ ಹಿಂದಿ. ಕಾಣೆಗೂ ನಂಗಿಗೂ ಇರುವ ವ್ಯತ್ಯಾಸವನ್ನು ಆ ಅಸ್ಸಾಮಿನ ಹುಡುಗನೇ ನಮಗೆ ಹರಕು ಕನ್ನಡದಲ್ಲಿ ತಿಳಿಸಿಕೊಟ್ಟ.

ಇದರಲ್ಲಿ ಒಂದು ಇತಿಹಾಸದ ತಿರುವು ಇದೆ. ಒಂದು ಕಾಲದಲ್ಲಿ ಇದೇ ದಕ್ಷಿಣ ಕನ್ನಡದ ಹುಡುಗರು ಅರ್ಧಕ್ಕೇ ಶಾಲೆ ಬಿಟ್ಟು ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದರು, ಮಾಣಿಗಳಾದರು. ಹಗಲು ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅವರಲ್ಲಿ ಕೆಲವರು ಮುಂದೆ ಕೋಟೆ ಪ್ರದೇಶದಲ್ಲಿ ಸ್ವಂತ ಲಂಚ್ ಹೋಮುಗಳನ್ನು ತೆರೆದು, ಮಂಗಳೂರಿನ ಗಸಿಯನ್ನು ಮುಂಬಯಿಯ ಸಾಹುಕಾರರಿಗೆ ಉಣಿಸಿ ಧನಿಗಳಾದರು. ಬಹಳ ಮಂದಿ ಧನಿಗಳಾಗಲಿಲ್ಲ. ಅವರ ಕಥೆಯನ್ನು ಯಾರೂ ಹೇಳುವುದಿಲ್ಲ. ಈಗ ಕರಾವಳಿಯ ಹುಡುಗ ಓದಿ ಕೊಲ್ಲಿ ದೇಶಕ್ಕೋ ಬೆಂಗಳೂರಿಗೋ ಹೋಗುತ್ತಾನೆ. ಅವನು ಬಿಟ್ಟ ಜಾಗಕ್ಕೆ ಬ್ರಹ್ಮಪುತ್ರದ ದಡದ ಹುಡುಗ ಬಂದಿದ್ದಾನೆ. ಆದರೆ ಈ ಹುಡುಗನಿಗೆ ಅವನ ಭಾಷೆಯ ರಾತ್ರಿಶಾಲೆಯಿಲ್ಲ. ಮುಂಬಯಿಯ ಕನ್ನಡಿಗರು ತಮ್ಮ ಹುಡುಗರಿಗಾಗಿ ಮಾಡಿದ್ದನ್ನು ಮಂಗಳೂರಿನ ಕನ್ನಡಿಗರು ಪರರ ಹುಡುಗರಿಗಾಗಿ ಮಾಡಬೇಕೆಂದು ಕೇಳುವುದು ತಪ್ಪೆ?

ಜಾರ್ಜ್ ಫರ್ನಾಂಡಿಸರ ಹೆಸರನ್ನು ಇಲ್ಲಿ ಎತ್ತಲೇಬೇಕು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಮೇಲಿನ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ. ವಿದ್ಯಾರ್ಥಿಗಳಿಗೆ ಕೆಳಗಿನ ಮೇಜು, ಕೆಳಗಿನ ಊಟ. ಇದನ್ನು ಸಹಿಸದೆ ಹೊರಬಂದರೆಂದು ಅವರ ಚರಿತ್ರೆ ಹೇಳುತ್ತದೆ. ಊಟದ ಮೇಜು ರಾಜಕೀಯವಲ್ಲ ಎನ್ನುವವರು ಇದನ್ನು ಗಮನಿಸಬೇಕು. ಹೊರಬಂದವರು ಹತ್ತೊಂಬತ್ತು ವರ್ಷದ ಪ್ರಾಯದಲ್ಲಿ ಸಂಘಟಿಸಿದ್ದು ಮಂಗಳೂರಿನ ಸಾರಿಗೆ ಕೆಲಸಗಾರರನ್ನೂ ಹೋಟೆಲು ಕೆಲಸಗಾರರನ್ನೂ. ಆಮೇಲೆ ಮುಂಬಯಿ, ಆಮೇಲೆ 1967ರಲ್ಲಿ ಎಸ್.ಕೆ. ಪಾಟೀಲರ ಸೋಲು, 1974ರ ರೈಲ್ವೆ ಮುಷ್ಕರ. ಅವರ ಕಡೆಗಾಲದ ರಾಜಕೀಯವನ್ನು ನಮ್ಮಲ್ಲಿ ಅನೇಕರು ಒಪ್ಪುವುದಿಲ್ಲ, ಅದು ಬೇರೆ ಚರ್ಚೆ. ಅಂದು ಅವರು ಹಿಡಿದ ಹೋಟೆಲು ಕೆಲಸಗಾರರ ಪ್ರಶ್ನೆ ಮಾತ್ರ ಇನ್ನೂ ಮೇಜಿನ ಮೇಲೆಯೇ ಇದೆ.

ಆ ಅಸ್ಸಾಮಿನ ಹುಡುಗನ ಜೊತೆ ಸಂಜೆ ನಾಲ್ಕು ಗಂಟೆಗೆ, ಹೋಟೆಲಿನ ಬಿಡುವಿನಲ್ಲಿ, ಹಿಂದಿನ ಓಣಿಯಲ್ಲಿ ಕೂತು ಮಾತಾಡಿದೆವು. ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ನಿಂತರೆ ನಡುವೆ ಎರಡು ಗಂಟೆ ಬಿಡುವು, ಮತ್ತೆ ರಾತ್ರಿ ಹನ್ನೊಂದರ ತನಕ. ಮಲಗಲು ಒಂದು ಕೋಣೆ, ಎಂಟು ಜನ. ವಾರದ ರಜೆಯೆಂದರೆ ವ್ಯಾಪಾರ ಕಡಮೆಯಿದ್ದ ದಿನ ಧನಿ ಕೊಟ್ಟರೆ ಉಂಟು. ಕೆಲಸಕ್ಕೆ ಸೇರಿದ ಚೀಟಿ ಇಲ್ಲ. ಹತ್ತು ಮಂದಿಗೆ ಕಡಮೆಯಿಲ್ಲದೆ ದುಡಿಯುವ ಹೋಟೆಲಿಗೆ ಇ.ಎಸ್.ಐ. ವೈದ್ಯಕೀಯ ವಿಮೆ ಅನ್ವಯಿಸುತ್ತದೆ. ಆ ಮೂರಕ್ಷರವನ್ನು ಅವನು ಕೇಳಿಯೇ ಇರಲಿಲ್ಲ. ಎ.ಪಿ.ಎಸ್. ಮಾತ್ರ ಚೆನ್ನಾಗಿ ಗೊತ್ತು. ಕಾವಲಿಯ ಎಣ್ಣೆ ಸಿಡಿದು ಮೊಣಕೈಯ ವರೆಗೆ ಚುಕ್ಕೆ ಚುಕ್ಕೆಯಾಗಿದ್ದ ಅಡಿಗೆಯವನ ತೋಳನ್ನು ಅವನೇ ಹಿಡಿದು ನಮಗೆ ತೋರಿಸಿದ. ಭಕ್ಷೀಸು ಬರುತ್ತದೆಯೆ ಎಂದು ಕೇಳಿದೆವು. ಮುಂಚೆ ಚಿಲ್ಲರೆ ತಟ್ಟೆಯಲ್ಲಿ ಉಳಿಯುತ್ತಿತ್ತು, ಈಗ ಎಲ್ಲರೂ ಫೋನಿನಲ್ಲಿ ದುಡ್ಡು ಕಟ್ಟುತ್ತಾರೆ, ಚಿಲ್ಲರೆಯೇ ಇಲ್ಲ ಎಂದ. ಈ ಉತ್ತರವನ್ನು ಯಾವ ಅರ್ಥಶಾಸ್ತ್ರಜ್ಞನೂ ನಮಗೆ ಹೇಳಿಕೊಟ್ಟಿರಲಿಲ್ಲ.

ದೊಡ್ಡ ಹೋಟೆಲುಗಳು ಬಿಲ್ಲಿನಲ್ಲಿ ಸೇವಾಶುಲ್ಕವೆಂದು ಸೇರಿಸುವುದುಂಟು. ಅದನ್ನು ಗಿರಾಕಿಯ ಮೇಲೆ ತಾನಾಗಿ ಹೇರಕೂಡದೆಂದು 2022ರ ಜುಲೈಯಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಗಿರಾಕಿಗೆ ನ್ಯಾಯ ಸಿಕ್ಕಿತು, ಸಂತೋಷ. ಸೇವೆ ಮಾಡಿದವನಿಗೆ ಆ ಶುಲ್ಕ ಮೊದಲೂ ಪೂರ್ತಿ ಮುಟ್ಟುತ್ತಿತ್ತೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಒಂದು ಒಳ್ಳೆಯದನ್ನೂ ಹೇಳಬೇಕು. ನಾವು ನೋಡಿದ ಹೋಟೆಲುಗಳಲ್ಲಿ ಹದಿನಾಲ್ಕರ ಒಳಗಿನ ಮಕ್ಕಳು ಕಾಣಲಿಲ್ಲ. 2006ರ ಅಕ್ಟೋಬರಿನಿಂದ ಹೋಟೆಲುಗಳಲ್ಲಿ ಅಂಥ ಮಕ್ಕಳ ದುಡಿಮೆ ನಿಷಿದ್ಧವಾಯಿತು. 2016ರ ತಿದ್ದುಪಡಿ ಅದನ್ನು ಎಲ್ಲ ಉದ್ಯೋಗಗಳಿಗೂ ಹಬ್ಬಿಸಿತು. ಕಾನೂನು ಕಾಗದದ ಮೇಲಷ್ಟೇ ಎಂದು ಸದಾ ಗೊಣಗುವವರಿಗಾಗಿ ಇದನ್ನು ಹೇಳಿದೆವು. ಹಾಜರಿ ಪುಸ್ತಕದಲ್ಲಿ ಹುಡುಗರ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕುತ್ತ, ಯಾವ ಊರಿನ ಯಾವ ಹೋಟೆಲಿಗೆ ಹೋದನೋ ಎಂದು ಯೋಚಿಸಿದ ಮೇಷ್ಟರುಗಳಿಗೆ ಅದರ ಬೆಲೆ ಗೊತ್ತು.

ಮರುದಿನ ನಸುಕಿನಲ್ಲೇ ದಕ್ಕೆಗೆ ಹೋದೆವು. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲಿಗೆ ಬೀಳುವ ಜಾಗದಲ್ಲಿ ಹಳೆಯ ಬಂದರು. ಬೋಟುಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿರುತ್ತವೆ. ಏಲಂ ಕೂಗುವವನ ದನಿ, ಐಸು ಪುಡಿ ಮಾಡುವ ಯಂತ್ರದ ಸದ್ದು, ಕಾಲಡಿಗೆ ಮೀನಿನ ನೀರು. ಅಲ್ಲಿ ಅಂಜಲ್ ಮತ್ತು ಮಾಂಜಿಯನ್ನು ಬೇರೆ ಇಡುತ್ತಾರೆ. ಅವಕ್ಕೆ ಹೊರಗಿನ ವ್ಯಾಪಾರಿಗಳು ಕಾದಿರುತ್ತಾರೆ. ಬುಟ್ಟಿ ಹೊತ್ತು ಮಾರುವ ಹೆಂಗಸರು ಅವುಗಳ ಹತ್ತಿರ ಸುಳಿಯುವುದಿಲ್ಲ. ಒಬ್ಬ ಅಮ್ಮನನ್ನು ಮಾತಾಡಿಸಿದೆವು. "ಅಂಜಲ್ ನಮಗೆ ಎಂತಕ್ಕೆ ಮಾರಾಯ್ರೆ? ಅದು ಹೋಟೆಲಿನವರಿಗೆ. ನಮಗೆ ಬೂತಾಯಿ ಸಿಕ್ಕಿದರೆ ಸಾಕು. ಈಗ ಅದಕ್ಕೂ ಪೆಟ್ಟು" ಎಂದರು.

ಬೂತಾಯಿಗೆ ಯಾಕೆ ಪೆಟ್ಟು ಬಂತು? ಮಿತ್ರರೆ, ಇಡೀ ಪ್ರವಾಸದಲ್ಲಿ ನಮ್ಮನ್ನು ಕಾಡಿದ ಪ್ರಶ್ನೆ ಇದು.

ಬೂತಾಯಿ ಬಡವರ ಮೀನು. ಮೈತುಂಬ ಎಣ್ಣೆ, ಅಗ್ಗದ ಬೆಲೆ. ಗಂಜಿಯ ಜೊತೆ ಎರಡಿದ್ದರೆ ದುಡಿಯುವ ಮೈಗೆ ಕಸುವು. ಹಿಂದಿನ ಕಾಲದಲ್ಲಿ ಇದನ್ನೂ ಬಂಗುಡೆಯನ್ನೂ ಹಿಡಿಯುತ್ತಿದ್ದದ್ದು ರಂಪಣಿ ಬಲೆಯಲ್ಲಿ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಗಳನ್ನೂ ದಡದಿಂದ ಎಳೆಯುವುದು. ಹತ್ತಾರು ಜನ ಬೇಕು, ಕೆಲವು ಸಲ ನೂರರ ಹತ್ತಿರ. ಬಲೆಯಲ್ಲಿ ಪಾಲು, ದೋಣಿಯಲ್ಲಿ ಪಾಲು, ಎಳೆದ ತೋಳಿಗೆ ಪಾಲು. ಇದನ್ನು ಸ್ವರ್ಗವೆಂದು ಹಾಡಬೇಕಾಗಿಲ್ಲ. ಸಾಲ ಕೊಡುವ ವ್ಯಾಪಾರಿಯ ಹಿಡಿತ ಅಂದೂ ಇತ್ತು. ಆದರೆ ಮೀನು ದಡಕ್ಕೆ ಬಂದಾಗ ಊರು ದಡದಲ್ಲಿತ್ತು.

1952ರಲ್ಲಿ ಭಾರತ–ನಾರ್ವೆ ಯೋಜನೆಗೆ ಸಹಿ ಬಿತ್ತು. ಕೇರಳದ ನೀಂಡಕರದ ಕಡೆ ಯಂತ್ರದ ದೋಣಿಗಳ ಪ್ರಯೋಗ ಆರಂಭವಾಯಿತು. ಉದ್ದೇಶ ಒಳ್ಳೆಯದೇ, ಬಡ ಮೀನುಗಾರರ ಊಟ ಬಟ್ಟೆ ಆರೋಗ್ಯ ಸುಧಾರಿಸಬೇಕೆಂಬುದು. ಅಷ್ಟರಲ್ಲಿ ಹೊರದೇಶಗಳಲ್ಲಿ ಸಿಗಡಿಗೆ ಬೆಲೆ ಬಂತು. ಕಡಲಿನ ತಳವನ್ನು ಗುಡಿಸುವ ತ್ರಾಲ್ ಬಲೆ ಕರಾವಳಿಯುದ್ದಕ್ಕೂ ಹಬ್ಬಿತು. 1970ರ ದಶಕದ ನಡುವಿನಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬೋಟು ಬಂತು. ಮೀನಿನ ಹಿಂಡು ದಡಕ್ಕೆ ಬರುವ ಮುಂಚೆಯೇ ಅದನ್ನು ಸುತ್ತಿಹಾಕಿ, ಚೀಲದ ಬಾಯಿ ಕಟ್ಟಿದ ಹಾಗೆ ಬಲೆಯ ಬುಡವನ್ನು ಬಿಗಿದು ಎತ್ತಿಬಿಡುತ್ತದೆ. ದಡದಲ್ಲಿ ಕಾದಿದ್ದ ರಂಪಣಿಯವರಿಗೆ ಬಲೆ ಎಳೆಯುವ ಕೆಲಸವೇ ಉಳಿಯಲಿಲ್ಲ. ಜಗಳಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ನೆನಪಿನ ವಸ್ತುವಾಯಿತು. ರಂಪಣಿಯವರಲ್ಲೇ ಕೆಲವರು ಸಾಲ ತೆಗೆದು ಪರ್ಸೀನ್ ಬೋಟುಗಳಲ್ಲಿ ಪಾಲುದಾರರಾದರು, ಉಳಿದವರು ಅದೇ ಬೋಟುಗಳಲ್ಲಿ ಕೂಲಿಗಳಾದರು.

ಇದರ ಜೊತೆಗೆ ಮೀನುಹಿಟ್ಟಿನ ಕಾರ್ಖಾನೆಗಳು. ಉಳ್ಳಾಲದ ಕೋಟೆಪುರದ ಕಡೆ ಗಾಳಿ ಬೀಸಿದಾಗ ಅವು ಎಲ್ಲಿವೆಯೆಂದು ಕೇಳಬೇಕಾಗಿಲ್ಲ. ನಾಲ್ಕೈದು ಕಿಲೋ ಹಸಿ ಮೀನು ಬೆಂದು, ಹಿಂಡಿ, ಒಣಗಿದರೆ ಒಂದು ಕಿಲೋ ಹಿಟ್ಟು. ಹಿಟ್ಟು ಸಾಕಣೆಯ ಸಿಗಡಿಗೂ ಕೋಳಿಗೂ ಮೇವು. ಬಡವನ ತಟ್ಟೆಯ ಬೂತಾಯಿ ಹೀಗೆ ಸಾಹುಕಾರನ ತಟ್ಟೆಯ ಸಿಗಡಿಯಾಗಿ ಅವತಾರ ಎತ್ತುತ್ತದೆ. ಸಣ್ಣ ಮರಿಗಳನ್ನೂ ಬಿಡದೆ ಗೋರಿಕೊಂಡು ಬಂದರೆ ಕೊಳ್ಳಲು ಕಾರ್ಖಾನೆಯಿದೆ ಎಂಬ ಧೈರ್ಯ ಬೋಟಿನವನಿಗೆ. ಬೂತಾಯಿ ಕಡಮೆಯಾಗಲು ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಕಡಲಿನ ನೀರಿನ ಬಿಸಿ, ಮಳೆ, ಪ್ರವಾಹಗಳ ಮೇಲೆ ಈ ಮೀನು ಏರುತ್ತದೆ ಇಳಿಯುತ್ತದೆ ಎಂದು ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತಿದ್ದಾರೆ. ಅವರದೇ ಲೆಕ್ಕದಂತೆ ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನು ಬೂತಾಯಿ ಸಿಕ್ಕಿತ್ತು. 2021ರಲ್ಲಿ 4 ಸಾವಿರ ಟನ್ನನ್ನೂ ಮುಟ್ಟಲಿಲ್ಲ. ನೂರರಲ್ಲಿ ಒಂದು ಪಾಲು! ಪ್ರಕೃತಿ ಏರಿಳಿಯುವ ಕಾಲಕ್ಕೆ ಮನುಷ್ಯನೂ ಮರಿಗಳನ್ನು ಗೋರಿದರೆ ಇಳಿದದ್ದು ಏಳಲು ಹೆಚ್ಚು ಕಾಲ ಬೇಕಾಗುತ್ತದೆ ಎಂಬುದನ್ನು ತಿಳಿಯಲು ವಿಜ್ಞಾನಿಯೇ ಬೇಕಿಲ್ಲ. ಬಿತ್ತನೆ ಬೀಜವನ್ನು ಬೇಯಿಸಿ ತಿಂದ ಮನೆಯ ಗತಿ ನಮ್ಮ ರೈತರಿಗೆ ಗೊತ್ತಿದೆ.

ಮಳೆಗಾಲದ ನಿಷೇಧವನ್ನು ಮೀನುಗಾರರು ಒಪ್ಪುತ್ತಾರೆ, ಇದನ್ನು ಒತ್ತಿ ಹೇಳಬೇಕು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ಇಂಜಿನಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಮೀನು ಮೊಟ್ಟೆಯಿಡುವ ಕಾಲ. ಹಿರಿಯರೂ ನೂಲ ಹುಣ್ಣಿಮೆಯಲ್ಲಿ ಕಡಲಿಗೆ ಹಾಲು ತೆಂಗಿನಕಾಯಿ ಒಪ್ಪಿಸಿದ ಮೇಲೆಯೇ ಬಲೆ ಮುಟ್ಟುತ್ತಿದ್ದರು. ಆ ದಿನಗಳಲ್ಲಿ ಮೀನುಗಾರರ ಮನೆಯ ಊಟ ಕುಚ್ಚಲು ಗಂಜಿ, ಒಣಮೀನಿನ ಚಟ್ನಿ. ಮೀನುಗಾರ ತಾನು 1500 ರೂಪಾಯಿ ಉಳಿಸಿಟ್ಟರೆ ಸರಕಾರಗಳು 3000 ಸೇರಿಸಿ, ಮೂರು ತಿಂಗಳಿಗೆ ಒಟ್ಟು 4500 ಕೊಡುವ ಯೋಜನೆಯೊಂದಿದೆ. ತಿಂಗಳಿಗೆ 1500. ದೊಡ್ಡ ಹೋಟೆಲಿನಲ್ಲಿ ಒಂದು ಕುಟುಂಬ ಒಂದು ರಾತ್ರಿ ಎ.ಪಿ.ಎಸ್. ಮೀನು ಹೇಳಿದರೆ ಅಷ್ಟು ಸಾಲುವುದಿಲ್ಲ. ಹೋಟೆಲಿನವರು ಆ ಎರಡು ತಿಂಗಳೂ ಬಾಗಿಲು ಹಾಕುವುದಿಲ್ಲ. ಶೈತ್ಯಾಗಾರದ ಮೀನೋ, ನಿಷೇಧದ ದಿನಗಳು ಬೇರೆಯಾಗಿರುವ ಪೂರ್ವ ಕರಾವಳಿಯ ಮೀನೋ ಬರುತ್ತದೆ. ಜುಲೈ ತಿಂಗಳಲ್ಲಿ 'ತಾಜಾ ಕಾಣೆ' ಎಂದು ಯಾರಾದರೂ ಹೇಳಿದರೆ ಕಿವಿರು ತೋರಿಸಿ ಎನ್ನಿ.

ಕಡಲಿಗೆ ಹೋದವರು ಹಿಂದಿರುಗದೆ ಇರುವ ಮಾತನ್ನು ಮಲ್ಪೆಯಲ್ಲಿ ಯಾರೂ ತಾವಾಗಿ ಎತ್ತುವುದಿಲ್ಲ. ನಾವು ಎತ್ತಿದೆವು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅವರಲ್ಲಿ ಹೆಚ್ಚಿನವರು ಉತ್ತರ ಕನ್ನಡದವರು. ಮೀನುಗಾರರು ಸಾವಿರಗಟ್ಟಲೆ ಹೆದ್ದಾರಿಗಿಳಿದು ಕೇಳಿದ ಮೇಲೆ ಹುಡುಕಾಟ ಬಿರುಸಾಯಿತು. 2019ರ ಮೇ ತಿಂಗಳ ಆರಂಭದಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಬೋಟಿನ ಅವಶೇಷ ನೌಕಾಪಡೆಗೆ ಸಿಕ್ಕಿತು. ಮನುಷ್ಯರು ಸಿಗಲಿಲ್ಲ. ಒಬ್ಬ ಹಿರಿಯ ತಾಂಡೇಲರು ಇಷ್ಟು ಹೇಳಿ, "ಮೇಷ್ಟ್ರೆ, ಚಹಾ ಕುಡಿಯುವ" ಎಂದು ಎದ್ದರು. ನಾವೂ ಮತ್ತೆ ಕೇಳಲಿಲ್ಲ.

ಈಗ ನಮ್ಮೊಳಗಿನ ಒಂದು ವಾದ. ನಮ್ಮ ಜೊತೆ ಬಂದಿದ್ದ ಒಬ್ಬ ಹಿರಿಯ ಸಂಗಾತಿಗಳು ಕಾಣೆ ಹೇಳಿದ್ದೇ ಸರಿಯಲ್ಲ ಎಂದರು. ಪಕ್ಷದ ಕೆಲಸಕ್ಕೆ ಹೋದವರು ಸಾರು ಅನ್ನ ಉಂಡು ಏಳಬೇಕಾಗಿತ್ತು, ನಾಲಿಗೆಗೆ ಸಡಿಲ ಬಿಟ್ಟವನು ನಾಳೆ ಕಿಸೆಗೂ ಬಿಡುತ್ತಾನೆ ಎಂಬುದು ಅವರ ವಾದ. ಅವರ ಪ್ರಾಮಾಣಿಕತೆಯ ಮುಂದೆ ನಾವು ತಲೆ ಬಾಗುತ್ತೇವೆ. ಆದರೆ ವಾದವನ್ನು ಒಪ್ಪುವುದಿಲ್ಲ. ಬಡವನು ಒಣರೊಟ್ಟಿ ತಿನ್ನುತ್ತಾನೆ, ಆದಕಾರಣ ನಾವೂ ಒಣರೊಟ್ಟಿ ತಿನ್ನೋಣ ಎಂಬುದು ಸನ್ಯಾಸಿಯ ಮಾತು. ಬಡವನ ಮನೆಗೂ ಕಾಣೆ ಬರಲಿ ಎಂಬುದು ನಮ್ಮ ಮಾತು. ಕಾಣೆಯ ರುಚಿಯನ್ನೇ ಅರಿಯದವನು ಆ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿಯಾನು? ನಮ್ಮ ಜೊತೆ ಮಲ್ಪೆಯ ಬೋಟಿನ ಇಬ್ಬರು ಕಲಾಸಿಗಳನ್ನು ಮೂರನೆಯ ದಿನ ಊಟಕ್ಕೆ ಕರೆದೆವು. ಹೋಟೆಲಿನ ಬಾಗಿಲಲ್ಲಿ ಅವರು ಹಿಂಜರಿದರು. ಅಂಜಲನ್ನು ಟನ್ನುಗಟ್ಟಲೆ ಎತ್ತಿದ ಕೈಗಳು, ಮೇಜಿನ ಮೇಲೆ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಮಡಿಸಿಕೊಂಡು ಕೂತಿದ್ದವು. ಒಬ್ಬ ಹುಡುಗ ಅಂಜಲ್ ಬಿಲ್ಲೆಯನ್ನು ಬಾಯಿಗಿಟ್ಟು, ಬೋಟಿನಲ್ಲಿ ತಾವು ಬೇಯಿಸಿಕೊಳ್ಳುವುದು ಸಣ್ಣ ಪುಟ್ಟ ಮೀನು, ಇದು ಏಲಮ್ಮಿಗೆ ಹೋಗುತ್ತದೆ ಎಂದ. ಹಿರಿಯ ಸಂಗಾತಿಗಳು ಅಂದು ಬಿಲ್ಲನ್ನು ತಾವೇ ಕೊಟ್ಟರು. ವಾದವನ್ನು ಮಾತ್ರ ಬಿಡಲಿಲ್ಲ. ಇಲ್ಲಿ ಎರಡನೆಯ ಸಾಲಿನಲ್ಲಿಯೇ ಕೂತಿದ್ದಾರೆ, ಅವರ ಸರದಿ ಬಂದಾಗ ಹೇಳಲಿ.

ಇನ್ನು ಮಾಡಬೇಕಾದದ್ದು. ಮಂಗಳೂರು, ಉಡುಪಿಗಳ ಮಿತ್ರರು ಹೋಟೆಲು ಕೆಲಸಗಾರರ ಒಂದು ಪಟ್ಟಿ ಮಾಡುತ್ತಿದ್ದಾರೆ: ಹೆಸರು, ಊರು, ಸಂಬಳ, ಗಂಟೆ, ರಜೆ, ಇ.ಎಸ್.ಐ. ಇದೆಯೋ ಇಲ್ಲವೋ. ಅವರಿಗೆ ಹಿಂದಿ, ಬಂಗಾಳಿ ಬಲ್ಲವರು ಬೇಕಾಗಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಕಾಫಿ ತೋಟಗಳ ಅಸ್ಸಾಮಿ ಕೂಲಿಗಳ ನಡುವೆ ಕೆಲಸ ಮಾಡಿದ ಇಬ್ಬರು ಇದ್ದಾರೆ. ಅವರನ್ನು ಹದಿನೈದು ದಿನ ಕಳಿಸಿಕೊಡಬೇಕೆಂದು ಜಿಲ್ಲಾ ಸಮಿತಿಯನ್ನು ಕೇಳುತ್ತೇವೆ. ರಾತ್ರಿಶಾಲೆಗೆ ಬಂದರಿನ ಹತ್ತಿರ ಒಂದು ಕೋಣೆ ಸಿಕ್ಕಿದೆ, ವಾರಕ್ಕೆ ಎರಡು ದಿನ, ಹೋಟೆಲಿನ ಬಿಡುವಿನ ವೇಳೆಯಲ್ಲೇ ನಡೆಯಬೇಕು. ಕನ್ನಡ ಅಕ್ಷರಮಾಲೆ, ಸಂಬಳದ ಲೆಕ್ಕ, ಬ್ಯಾಂಕಿನ ಚೀಟಿ ತುಂಬುವುದು, ಇಷ್ಟರಿಂದ ಮೊದಲು. ಸ್ಲೇಟು ಬಳಪದ ಖರ್ಚಿಗಾಗಿ ಬಾಗಿಲಲ್ಲಿ ಡಬ್ಬಿ ಇಟ್ಟಿದ್ದೇವೆ. ಯಂತ್ರದ ಬೋಟುಗಳ ಬಲೆಯ ಕಣ್ಣಿನ ಅಳತೆ, ಮರಿ ಮೀನು ಹಿಡಿಯುವುದು, ಇವುಗಳ ವಿಷಯವಾಗಿ ಕರಾವಳಿಯ ಮಿತ್ರರೇ ಬಂದು ನಾಳೆ ಬೆಳಿಗ್ಗೆ ಮಾತಾಡುತ್ತಾರೆ. ಅವರು ನಮಗಿಂತ ಚೆನ್ನಾಗಿ ಬಲ್ಲರು.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಕೊನೆಯ ಬಸ್ಸಿಗೆ ಹೋಗಬೇಕಾದವರು ಮೊದಲು ಕೇಳಲಿ.